ಆ ಹಳ್ಳಿ ಜವಾನ ನಾನೇ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರ ಪತ್ರ ಬಂದಿತ್ತು. ಹೆಣ್ಣುಮಕ್ಕಳು ಸೈನ್ಯಕ್ಕೆ ಹೋಗಲಿ, ಡಾಕ್ಟರ್ ಆಗಲಿ, ನರ್ಸ್ ಆಗಲಿ, ಆಫೀಸಿನಲ್ಲಿ ಕೂತು ಕೆಲಸ ಮಾಡಲಿ, ಆದರೆ ಗುಂಡು ಹಾರುವ ಜಾಗಕ್ಕೆ ಮಾತ್ರ ಬೇಡ ಅಂತ ಬರೆದಿದ್ದರು. ಅದಕ್ಕೆ ಅವರು ಕೊಟ್ಟ ಮೊದಲ ಕಾರಣ, ನಮ್ಮ ಜವಾನರು ಹಳ್ಳಿ ಕಡೆಯವರು, ಹೆಂಗಸು ಹೇಳಿದರೆ ಕೇಳುವುದಿಲ್ಲ, ಶಿಸ್ತು ಕೆಡುತ್ತದೆ ಅಂತ. ಪೇಪರ್ ಮಡಚಿ ಇಟ್ಟೆ. ಮತ್ತೆ ತೆಗೆದು ಓದಿದೆ. ಎರಡು ದಿನ ಆದರೂ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಅವರು ಹೇಳಿದ ಆ ಹಳ್ಳಿ ಜವಾನ ನಾನೇ. ಬೈಲಹೊಂಗಲ ತಾಲ್ಲೂಕಿನ ಒಂದು ಸಣ್ಣ ಊರು ನನ್ನದು. ಅಪ್ಪನಿಗೆ ಮೂರು ಎಕರೆ ಎರೆಹೊಲ. ಎಸ್ಸೆಸ್ಸೆಲ್ಸಿ ಮುಗಿಸಿ 1988ರಲ್ಲಿ ಸೈನ್ಯ ಸೇರಿದೆ, ಸೈನ್ಯಕ್ಕೆ ಸಾಮಾನು ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆದೆ. 24 ವರ್ಷ ಗಾಡಿ ಓಡಿಸಿ 2012ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದೆ. ಸೇರುವ ಮೊದಲು ನಮ್ಮ ಮನೆಯಲ್ಲಿ ಅವ್ವ ಅಪ್ಪನ ಎದುರು ಕೂತು ಮಾತಾಡಿದ್ದನ್ನೂ ನಾನು ನೋಡಿರಲಿಲ್ಲ. ಅಂಥ ಮನೆಯಿಂದ ಹೋದವನು. ಹಾಗಾಗಿ ಹಳ್ಳಿ ಜವಾನನ ತಲೆಯಲ್ಲಿ ಏನಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಾತು ಆ ಓದುಗರೊಬ್ಬರದೇ ಆಗಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದೆ. ಆದರೆ ಇದೇ ಮಾತನ್ನು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಬರೆದು ಕೊಟ್ಟಿತ್ತು. ಮಹಿಳಾ ಅಧಿಕಾರಿಗಳಿಗೂ ಗಂಡಸರ ಹಾಗೆ ಕಾಯಂ ನೇಮಕ ಬೇಕು, ಘಟಕಗಳ ಮುಖ್ಯಸ್ಥರಾಗುವ ಅವಕಾಶ ಬೇಕು ಎನ್ನುವ ಕೇಸು ಅದು. ಬಬಿತಾ ಪುನಿಯಾ ಎನ್ನುವ ವಕೀಲೆ 2003ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿದ್ದರು. 2010ರಲ್ಲಿ ಹೈಕೋರ್ಟ್ ಹೆಣ್ಣುಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿತು. ಆಗ ಕೊಟ್ಟ ಕಾರಣಗಳಲ್ಲಿ ಒಂದು ಇದು: ಜವಾನರಲ್ಲಿ ಬಹುಪಾಲು ಜನ ಗ್ರಾಮೀಣ ಭಾಗದವರು, ಅವರ ಸಮಾಜದ ರೂಢಿ ಬೇರೆ, ಹೆಣ್ಣು ಅಧಿಕಾರಿಯ ಆಜ್ಞೆಯನ್ನು ಒಪ್ಪುವ ಮನಸ್ಥಿತಿ ಅವರಿಗೆ ಇನ್ನೂ ಬಂದಿಲ್ಲ. 2020ರ ಫೆಬ್ರವರಿ 17ರಂದು ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರು ಈ ವಾದವನ್ನು ತಳ್ಳಿಹಾಕಿದರು. ತೀರ್ಪು ಒಳ್ಳೆಯದೇ ಬಂತು. ಆದರೆ ಆ ಸುದ್ದಿ ಓದಿದ ದಿನ ನನಗೆ ತುಂಬಾ ಅವಮಾನ ಆಯಿತು. 24 ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ. ನನ್ನ ಜೊತೆಗೆ ಗಾಡಿ ಓಡಿಸಿದ ಬಿಹಾರದವನನ್ನು ಕೇಳಲಿಲ್ಲ, ಗಡ್ವಾಲಿನವನನ್ನು ಕೇಳಲಿಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರದೋ ದಾರಿಗೆ ಅಡ್ಡ ಕಲ್ಲು ಹಾಕಿದರು.

ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ಈಗ ಹೇಳುತ್ತೇನೆ.

2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದಮೇಲೆ ಸೈನ್ಯವನ್ನೆಲ್ಲ ಗಡಿಗೆ ತಂದು ನಿಲ್ಲಿಸಿದ್ದರಲ್ಲ, ಆ ಸಮಯ. ಜಮ್ಮುವಿನಿಂದ ಶ್ರೀನಗರಕ್ಕೆ ಸಾಮಾನು ಸಾಗಿಸುವ ಕೆಲಸ ನಮ್ಮದು. ನಮ್ಮ ಕಂಪನಿಗೆ ಒಬ್ಬ ಲೆಫ್ಟಿನೆಂಟ್ ಮೇಡಂ ಬಂದರು. 24 ವರ್ಷ ಇರಬಹುದು ಅಷ್ಟೇ, ನನಗಿಂತ ಏಳೆಂಟು ವರ್ಷ ಚಿಕ್ಕವರು. ಸುಳ್ಳು ಹೇಳುವುದಿಲ್ಲ, ಮೊದಲ ಎರಡು ವಾರ ನಮಗೆಲ್ಲ ಮುಜುಗರ ಇತ್ತು. ಲಂಗರಿನಲ್ಲಿ ಊಟಕ್ಕೆ ಕೂತಾಗ ಹುಡುಗರು ಏನೇನೋ ಮಾತಾಡುತ್ತಿದ್ದರು, ನಾನೂ ಅದರಲ್ಲಿ ಇದ್ದೆ. ನಮ್ಮ ಸುಬೇದಾರ್ ಸಾಹೇಬರು ಒಂದು ದಿನ ಎಲ್ಲರನ್ನೂ ನಿಲ್ಲಿಸಿ, ಭುಜದ ಮೇಲಿನ ಸ್ಟಾರ್‌ಗೆ ಸೆಲ್ಯೂಟ್ ಹೊಡೆಯೋದು ಕಲಿತಿದ್ದೀರಿ, ಅಷ್ಟು ಮಾಡಿ ಸಾಕು ಎಂದರು.

ಆ ಚಳಿಗಾಲದಲ್ಲಿ ಒಂದು ಸಂಜೆ ರಾಮಬನ್ ದಾಟಿದ ಮೇಲೆ ಗುಡ್ಡ ಕುಸಿಯಿತು. ಮುಂದೆ ಹೋಗುವ ಹಾಗಿಲ್ಲ, ಆ ರಸ್ತೆಯಲ್ಲಿ ದೊಡ್ಡ ಗಾಡಿ ತಿರುಗಿಸುವ ಹಾಗೂ ಇಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಚಿನಾಬ್ ನದಿ. ಮೂವತ್ತಕ್ಕೂ ಜಾಸ್ತಿ ಗಾಡಿ ಸಾಲಾಗಿ ನಿಂತವು. ಮಳೆ ಬೇರೆ. ದಾರಿ ಕಾಯುವ ತುಕಡಿಯವರು ಕತ್ತಲಾಗುವ ಮುಂಚೆ ವಾಪಸ್ ಹೋಗುವ ಪದ್ಧತಿ, ಅವತ್ತು ಅವರನ್ನು ನಿಲ್ಲಿಸಿಕೊಳ್ಳಲು ವಯರ್‌ಲೆಸ್‌ನಲ್ಲಿ ಮಾತಾಡಿ ಒಪ್ಪಿಸಿದ್ದು ಮೇಡಂ. ಆಮೇಲೆ ಮೊದಲನೇ ಗಾಡಿಯಿಂದ ಕೊನೇ ಗಾಡಿಯವರೆಗೆ ನಡೆದರು. ಟಾರ್ಚ್ ಹಾಕಿ ಪ್ರತಿ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರಾ ನೋಡಿದರು. ಯಾರು ಎಷ್ಟು ಹೊತ್ತು ಎಚ್ಚರ ಇರಬೇಕು, ಯಾರು ಮಲಗಬೇಕು ಅಂತ ಅಲ್ಲೇ ನಿಂತು ಹೇಳಿದರು. ನನ್ನ ಗಾಡಿ ಹತ್ತಿರ ಬಂದಾಗ ರಾತ್ರಿ ಹನ್ನೊಂದು ಗಂಟೆ ಆಗಿರಬೇಕು. ಬೂಟಿನ ತುಂಬ ನೀರು. ಊಟ ಆಯ್ತಾ ಅಂತ ಕೇಳಿದರು. ಆಯ್ತು ಎಂದೆ. ನೀವು ಮಾಡಿದ್ರಾ ಅಂತ ಕೇಳುವ ಧೈರ್ಯ ನನಗಿರಲಿಲ್ಲ, ಆದರೆ ಮಾಡಿರಲಿಲ್ಲ ಅಂತ ಗೊತ್ತಿತ್ತು. ಕೊನೇ ಗಾಡಿಯ ಹುಡುಗನಿಗೆ ಟೀ ತಲುಪುವ ತನಕ ಅವರು ಕುಡಿಯಲಿಲ್ಲ.

ಬೆಳಿಗ್ಗೆ ರಸ್ತೆ ತೆರವಾಯಿತು. ಒಂದು ಗಾಡಿಗೂ ಪೆಟ್ಟಾಗದೆ ಶ್ರೀನಗರ ಮುಟ್ಟಿದೆವು. ಅವತ್ತಿನಿಂದ ಲಂಗರಿನಲ್ಲಿ ಆ ಮಾತುಗಳು ನಿಂತವು. ಯಾರೂ ಭಾಷಣ ಮಾಡಲಿಲ್ಲ, ಯಾರ ಮನಸ್ಸನ್ನೂ ಯಾರೂ ತಿದ್ದಲಿಲ್ಲ. ಜವಾನನಿಗೆ ಬೇಕಾದದ್ದು ಬಹಳ ಸಣ್ಣ ಸಂಗತಿ. ಸಾಹೇಬರಿಗೆ ದಾರಿ ಗೊತ್ತಿದೆಯಾ, ತೊಂದರೆ ಬಂದಾಗ ನಮ್ಮನ್ನು ಬಿಟ್ಟು ಹೋಗುತ್ತಾರಾ, ತಂಗಿ ಮದುವೆಗೆ ರಜೆ ಕೇಳಿದರೆ ಕಾಗದ ಮುಂದೆ ಕಳಿಸುತ್ತಾರಾ. ಇಷ್ಟೇ. ನಾನು ಕಂಡ ಗಂಡು ಆಫೀಸರ್‌ಗಳಲ್ಲಿ ಇದನ್ನು ಮಾಡುವವರೂ ಇದ್ದರು, ಮಾಡದವರೂ ಇದ್ದರು.

ಆ ಮೇಡಂ ವಿಷಯ ಇನ್ನೂ ಒಂದಿದೆ, ಅದು ಹೇಳದಿದ್ದರೆ ನನಗೆ ಈ ಪತ್ರ ಪೂರ್ತಿ ಆಗುವುದಿಲ್ಲ. ಆಗಿನ ನಿಯಮದಲ್ಲಿ ನಮ್ಮಂಥ ಕೋರ್‌ಗಳಿಗೆ ಬಂದ ಹೆಣ್ಣುಮಕ್ಕಳಿಗೆ ಅಲ್ಪಾವಧಿ ಸೇವೆ ಮಾತ್ರ, ಹೆಚ್ಚೆಂದರೆ 14 ವರ್ಷ. ಆಫೀಸರ್‌ಗೆ ಪಿಂಚಣಿ ಬರಬೇಕಾದರೆ 20 ವರ್ಷ ಆಗಬೇಕು. ನಮಗೆ, ಜವಾನರಿಗೆ, 15 ವರ್ಷ ಸಾಕು. ನನಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ, ಕ್ಯಾಂಟೀನ್ ಕಾರ್ಡ್ ಇದೆ, ಆಸ್ಪತ್ರೆ ಸೌಲಭ್ಯ ಇದೆ. ಅವತ್ತು ರಾತ್ರಿ ನನ್ನ ಗಾಡಿ ಕಾಯ್ದವರು 14 ವರ್ಷ ದುಡಿದು, ಪಿಂಚಣಿ ಇಲ್ಲದೆ ಮನೆಗೆ ಹೋದರು. ಸುಪ್ರೀಂ ಕೋರ್ಟ್ ತೀರ್ಪು ಬರುವ ಹೊತ್ತಿಗೆ ಅವರು ಬಿಟ್ಟು ವರ್ಷಗಳೇ ಆಗಿದ್ದವು. ಹಳ್ಳಿ ಜವಾನನಿಗೆ ಹೆಣ್ಣಿನ ಮಾತು ಕೇಳೋದು ಕಷ್ಟ ಅಂತ ಕೋರ್ಟಿನಲ್ಲಿ ಹೇಳಿದರು. ಈ ಹಳ್ಳಿ ಜವಾನನಿಗೆ ಕಷ್ಟ ಆಗಿದ್ದು ಇದು.

ಈಗ ವಿಷಯಕ್ಕೆ ಬರುತ್ತೇನೆ. 1992ರಲ್ಲಿ ಸೈನ್ಯ ಮೊದಲ ಸಲ ಡಾಕ್ಟರ್, ನರ್ಸ್ ಬಿಟ್ಟು ಬೇರೆ ವಿಭಾಗಗಳಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಂಡಿತು. ಆಮೇಲೆ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯುತ್ತ ಬಂದಿದೆ. ವಾಯುಪಡೆಯ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, 2016ರಲ್ಲಿ ಬಂದರು. ಹಾಕ್ ಎನ್ನುವ ತರಬೇತಿ ವಿಮಾನದಲ್ಲಿ ಅವರು ಪಳಗಿದ್ದು ನಮ್ಮ ಬೀದರ್‌ನಲ್ಲಿ. ಎರಡು ವರ್ಷ ಆದಮೇಲೆ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗ್ ಅದೇ ದಾರಿಯಲ್ಲಿ ಹೋದರು. ಮಿಲಿಟರಿ ಪೊಲೀಸ್‌ಗೆ ಹೆಣ್ಣುಮಕ್ಕಳನ್ನು ಜವಾನರಾಗಿ ತೆಗೆದುಕೊಂಡಾಗ, ಮೊದಲ ತಂಡದ 83 ಮಂದಿ 61 ವಾರ ತರಬೇತಿ ಮುಗಿಸಿ 2021ರ ಮೇ ತಿಂಗಳಲ್ಲಿ ಬೆಂಗಳೂರಿನಿಂದಲೇ ಹೊರಬಂದರು. ವಾಯುಪಡೆಯ ಮೊದಲ ಮಹಿಳಾ ಅಗ್ನಿವೀರರ ಪೆರೇಡ್ ನಡೆದದ್ದು 2023ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಐವರು ಮಹಿಳೆಯರು ಫಿರಂಗಿ ದಳಕ್ಕೆ ಅಧಿಕಾರಿಗಳಾಗಿ ಹೋದರು. ಖಡಕವಾಸ್ಲಾದ ಎನ್‌ಡಿಎಗೆ, ಅಂದರೆ ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಗೆ, ಹುಡುಗಿಯರು ಪರೀಕ್ಷೆ ಬರೆಯಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಮೇ 30ಕ್ಕೆ ಮೊದಲ 17 ಹುಡುಗಿಯರು ಅಲ್ಲಿಂದ ಪಾಸಾಗಿ ಬಂದರು. ಆ ತಿಂಗಳಲ್ಲೇ ಆಪರೇಷನ್ ಸಿಂಧೂರ ಆಯಿತು. ಕರ್ನಲ್ ಸೋಫಿಯಾ ಖುರೇಷಿ ಟಿವಿಯಲ್ಲಿ ಇಡೀ ದೇಶಕ್ಕೆ ವಿವರ ಕೊಟ್ಟಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಂಭ್ರಮ ಪಟ್ಟೆವು, ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಅಂತ.

ಇಷ್ಟೆಲ್ಲ ಆದರೂ ಮೂರು ಬಾಗಿಲು ಮುಚ್ಚೇ ಇವೆ. ಇನ್‌ಫೆಂಟ್ರಿ ಎಂದರೆ ಕಾಲಾಳು ಪಡೆ, ಟ್ಯಾಂಕ್ ದಳ, ಮತ್ತೆ ಕವಚದ ಗಾಡಿಗಳಲ್ಲಿ ಹೋಗಿ ಕಾದಾಡುವ ಮೆಕನೈಸ್ಡ್ ಇನ್‌ಫೆಂಟ್ರಿ. 2020ರ ತೀರ್ಪೂ ಇವನ್ನು ಮುಟ್ಟಲಿಲ್ಲ, ಅದು ಸರ್ಕಾರದ ನೀತಿಯ ವಿಷಯ ಅಂತ ಬಿಟ್ಟಿತು. 1950ರ ಸೈನ್ಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳನ್ನು ಬಿಟ್ಟರೆ ಹೆಣ್ಣಿಗೆ ಸೈನ್ಯದಲ್ಲಿ ಜಾಗ ಇಲ್ಲ. ಅಂದರೆ ಹೊಸ ಕಾಯ್ದೆ ಬೇಕಾಗಿಲ್ಲ. ಒಂದು ಅಧಿಸೂಚನೆ ಸಾಕು.

ಆ ಓದುಗರು ಬರೆದ ಹಾಗೆ, ಗುಂಡು ಹಾರುವ ಜಾಗ ಮತ್ತು ಹಾರದ ಜಾಗ ಅಂತ ಎರಡು ಇದ್ದಿದ್ದರೆ ವಿಷಯ ಸುಲಭ ಇತ್ತು. ಹಿಂದೆ ಹಾಗಿತ್ತೇನೋ. ನಾನು ಡ್ರೈವರ್, ಲೆಕ್ಕದ ಪ್ರಕಾರ ಕಾದಾಡುವವನಲ್ಲ. ಆದರೆ ರಸ್ತೆಯಲ್ಲಿ ಬಾಂಬ್ ಇಡುವವನು ಮೊದಲು ನೋಡೋದು ನಮ್ಮ ಗಾಡಿಗಳನ್ನೇ. ಸಂಸತ್ತಿನ ದಾಳಿಯ ದಿನ ಅಲ್ಲಿ ಕಾವಲಿಗಿದ್ದ ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅವರನ್ನು ನೆನಪು ಮಾಡಿಕೊಳ್ಳಿ. ಮಹಿಳಾ ಬೆಟಾಲಿಯನ್‌ನವರು. ಭಯೋತ್ಪಾದಕರನ್ನು ನೋಡಿ ಮೊದಲು ಕೂಗಿ ಎಚ್ಚರಿಸಿದವರು ಅವರು. ಕೈಯಲ್ಲಿ ವಾಕಿಟಾಕಿ ಇತ್ತು, ಬಂದೂಕು ಇರಲಿಲ್ಲ. ಅಲ್ಲೇ ಗುಂಡು ಹೊಡೆದು ಕೊಂದರು. ಆಮೇಲೆ ದೇಶ ಅವರಿಗೆ ಅಶೋಕ ಚಕ್ರ ಕೊಟ್ಟಿತು. ನನಗೆ ಈಗಲೂ ಸಂಕಟ ಆಗೋದು ಆ ಒಂದು ಮಾತಿಗೆ, ಬಂದೂಕು ಇರಲಿಲ್ಲ ಅನ್ನೋದಕ್ಕೆ.

2010ರಲ್ಲಿ ಕಾಬೂಲ್‌ನಲ್ಲಿ ಭಾರತೀಯರು ಉಳಿದುಕೊಂಡಿದ್ದ ಅತಿಥಿಗೃಹದ ಮೇಲೆ ದಾಳಿ ಆಯಿತು. ಅಫ್ಗಾನ್ ಸೈನಿಕರಿಗೆ ಇಂಗ್ಲಿಷ್ ಕಲಿಸಲು ಹೋಗಿದ್ದ ಮಿತಾಲಿ ಮಧುಮಿತಾ ಎನ್ನುವ ಅಧಿಕಾರಿ ಬರಿಗೈಯಲ್ಲಿ ಅಲ್ಲಿಗೆ ಓಡಿ ಹೋಗಿ, ಅವಶೇಷದ ಕೆಳಗೆ ಸಿಕ್ಕಿಕೊಂಡವರನ್ನು ಹೊರಗೆ ತಂದರು. ಸೇನಾ ಪದಕ ಬಂತು. ಅವರೂ ಎಜುಕೇಷನ್ ಕೋರ್‌ನವರು, ಕಾಗದದ ಪ್ರಕಾರ ಕಾದಾಡುವವರಲ್ಲ. ಬೇರೆ ದೇಶದ ಉದಾಹರಣೆ ಬೇಕಾದರೆ 2023ರ ಅಕ್ಟೋಬರ್ 7ರಂದು ಇಸ್ರೇಲ್‌ನ ನಹಲ್ ಓಜ್ ಠಾಣೆಯಲ್ಲಿ ಆದದ್ದನ್ನು ನೋಡಿ. ಗಾಜಾ ಗಡಿಯನ್ನು ಕ್ಯಾಮೆರಾದಲ್ಲಿ ಕಾಯುವ ಕೆಲಸದ ಹುಡುಗಿಯರು, ಕೈಯಲ್ಲಿ ಆಯುಧ ಇಲ್ಲ. ಹಲವರನ್ನು ಅಲ್ಲೇ ಕೊಂದರು, 7 ಮಂದಿಯನ್ನು ಎಳೆದುಕೊಂಡು ಹೋದರು. ಅದೇ ದಿನ ಅದೇ ಸೈನ್ಯದ ಹುಡುಗಿಯರು ಟ್ಯಾಂಕ್ ಓಡಿಸಿ ಗಂಟೆಗಟ್ಟಲೆ ಕಾದಾಡಿದರು. ಆ ಯುದ್ಧದ ಸರಿ ತಪ್ಪು ಬೇರೆ ವಿಷಯ, ಅದನ್ನು ಇಲ್ಲಿ ತರುವುದಿಲ್ಲ. ನಾನು ಕೇಳೋದು ಇಷ್ಟೇ. ಹೆಣ್ಣುಮಕ್ಕಳು ಅಪಾಯದ ಜಾಗಕ್ಕೆ ಈಗಾಗಲೇ ಹೋಗಿ ಆಗಿದೆ. ಅಲ್ಲಿ ಅವರ ಕೈಗೆ ಆಯುಧ ಕೊಟ್ಟು, ಪೂರ್ತಿ ತರಬೇತಿ ಕೊಟ್ಟು ಕಳಿಸೋಣವಾ, ಇಲ್ಲಾ ಬರಿಗೈಯಲ್ಲಿ ಕಳಿಸಿ ಆಮೇಲೆ ಪದಕ ಕೊಡೋಣವಾ?

ಮೈಶಕ್ತಿಯ ಮಾತು ಬಂದೇ ಬರುತ್ತದೆ. ಬರಲಿ, ಅದು ಸುಮ್ನೆ ತೆಗೆದುಹಾಕುವ ಮಾತಲ್ಲ. ಇನ್‌ಫೆಂಟ್ರಿ ಕೆಲಸ ಎಂದರೆ ಬೆನ್ನ ಮೇಲೆ 25, 30 ಕಿಲೋ ಹೊತ್ತು ಗುಡ್ಡ ಹತ್ತೋದು. ಗಾಯಗೊಂಡವನು ಬಿದ್ದರೆ ಅವನನ್ನೂ ಅವನ ಸಾಮಾನನ್ನೂ ಎಳೆದು ತರೋದು. ಅಮೆರಿಕದ ಮರೀನ್ ಪಡೆ 2015ರಲ್ಲಿ ಪರೀಕ್ಷೆ ಮಾಡಿ ನೋಡಿತು. 134 ಕೆಲಸಗಳಲ್ಲಿ 93ರಲ್ಲಿ ಬರೀ ಗಂಡಸರ ತಂಡ ಮಿಶ್ರ ತಂಡಕ್ಕಿಂತ ಚೆನ್ನಾಗಿ ಮಾಡಿತು. ಹೆಣ್ಣುಮಕ್ಕಳಿಗೆ ಪೆಟ್ಟೂ ಜಾಸ್ತಿ ಆಯಿತು. ಇದನ್ನು ಮುಚ್ಚಿಟ್ಟು ವಾದ ಮಾಡೋದು ನನಗೆ ಇಷ್ಟ ಇಲ್ಲ. ಆದರೂ ಅದೇ ವರ್ಷದ ಕೊನೆಗೆ ಅಮೆರಿಕ ಎಲ್ಲ ಹುದ್ದೆಗಳನ್ನೂ ತೆರೆಯಲು ತೀರ್ಮಾನ ಮಾಡಿತು, ಬ್ರಿಟನ್ 2018ರಲ್ಲಿ ತೆರೆಯಿತು.

ಲೆಕ್ಕ ಹೇಳೋದು ಒಟ್ಟು ಗುಂಪಿನ ಸರಾಸರಿಯನ್ನು. ಭರ್ತಿಗೆ ಬಂದು ಸಾಲಿನಲ್ಲಿ ನಿಲ್ಲೋದು ಒಬ್ಬೊಬ್ಬರೇ. ನಾನೂ ಗಂಡಸೇ, ಆದರೆ 30 ಕಿಲೋ ಹೊತ್ತು ಕಾರ್ಗಿಲ್‌ನ ಟೋಲೋಲಿಂಗ್ ಗುಡ್ಡ ಹತ್ತು ಅಂದಿದ್ದರೆ ಆಗುತ್ತಿರಲಿಲ್ಲ. ನಮ್ಮೂರಿನಿಂದ ಭರ್ತಿ ರ‍್ಯಾಲಿಗೆ ಹೋಗುವ ಹುಡುಗರಲ್ಲಿ ಬಹಳ ಜನ ಓಟದಲ್ಲೇ ವಾಪಸ್ ಬರುತ್ತಾರೆ. ಅವರು ಆಗಲಿಲ್ಲ ಅಂತ ಗಂಡಸರಿಗೆಲ್ಲ ಬಾಗಿಲು ಹಾಕಿದೆವಾ? ಹೆಣ್ಣುಮಕ್ಕಳಲ್ಲಿ ನೂರಕ್ಕೆ ಇಬ್ಬರೇ ಪಾಸಾಗಬಹುದು. ಆ ಇಬ್ಬರಿಗೆ ನಿಂತು ನೋಡುವ ಅವಕಾಶ ಕೊಡಿ ಅಂತ ಕೇಳುತ್ತಿದ್ದೇನೆ.

ಇನ್ನು, ಹೆಣ್ಣಿನ ಮೈ ಇಂಥ ಕೆಲಸಕ್ಕೆ ಆಗಿಲ್ಲ ಅನ್ನುವವರು ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಒಮ್ಮೆ ಬರಬೇಕು. ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್ ಬರುತ್ತವೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟಿ, ಹೊರೆಯನ್ನು ತಲೆ ಮೇಲೆ ಹೊತ್ತು, ಹಲಗೆ ಮೇಲೆ ನಡೆದು ಟ್ರ್ಯಾಕ್ಟರ್ ಟ್ರೇಲರ್‌ಗೆ ಏರಿಸುತ್ತಾಳೆ. ಬೆಳಗಿನ ಜಾವದಿಂದ ಕತ್ತಲಾಗುವ ತನಕ. ಒಂದೊಂದು ಹೊರೆ ಎತ್ತಲು ಹೋದರೆ ನನಗೆ ಸೊಂಟ ಹಿಡಿಯುತ್ತದೆ. ಟಾರ್ಪಾಲಿನ್ ಕೆಳಗೆ ತಿಂಗಳುಗಟ್ಟಲೆ ಇರುತ್ತಾರೆ, ಕೈಗೂಸುಗಳೂ ಜೊತೆಗೆ. ಅದು ಬಡತನದ ದುಡಿಮೆ, ಅದನ್ನು ಹೊಗಳಲು ಹೇಳುತ್ತಿಲ್ಲ. ಆದರೆ ಆಗ ಯಾರೂ ಹೆಣ್ಣಿನ ಮೈ ಕೋಮಲ ಅಂತ ತಡೆದದ್ದನ್ನು ನಾನು ನೋಡಿಲ್ಲ. ಬಂಕರ್‌ನಲ್ಲಿ ಹೇಗಿರುತ್ತಾರೆ, ಸ್ನಾನಕ್ಕೆ ಏನು ಮಾಡುತ್ತಾರೆ ಎನ್ನುವ ಪ್ರಶ್ನೆಯೂ ಹಾಗೇ. ಕ್ಯಾಪ್ಟನ್ ಶಿವಾ ಚೌಹಾಣ್ 2023ರ ಜನವರಿಯಲ್ಲಿ ಸಿಯಾಚಿನ್‌ನ ಕುಮಾರ್ ಪೋಸ್ಟ್‌ಗೆ ಹೋದರು, 15,600 ಅಡಿ ಎತ್ತರ. ಅಲ್ಲಿ ವ್ಯವಸ್ಥೆ ಆಗುತ್ತದೆ ಎಂದರೆ ಬೇರೆ ಕಡೆ ಆಗದೇ ಇರಲು ಕಾರಣ ಇಲ್ಲ.

ಪರೀಕ್ಷೆ ಹೇಗಿರಬೇಕು ಅನ್ನೋದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪರೀಕ್ಷೆ ಹುದ್ದೆಗೆ ಇರಬೇಕು. ಗಂಡಿಗೊಂದು ಹೆಣ್ಣಿಗೊಂದು ಇರಬಾರದು. ಈಗಿನ ಭರ್ತಿ ನೋಡಿ. 1.6 ಕಿಲೋಮೀಟರ್ ಓಟದಲ್ಲಿ ಹುಡುಗರಿಗೆ ಪೂರ್ತಿ ಅಂಕ ಬೇಕಾದರೆ ಐದೂವರೆ ನಿಮಿಷದೊಳಗೆ ಮುಗಿಸಬೇಕು. ಮಿಲಿಟರಿ ಪೊಲೀಸ್‌ಗೆ ಹೋಗುವ ಹುಡುಗಿಯರಿಗೆ ಏಳೂವರೆ ನಿಮಿಷ ಕೊಟ್ಟಿದ್ದಾರೆ. ಹುಡುಗರು ಬೀಮ್ ಹಿಡಿದು ಪುಲ್ಅಪ್ ಹೊಡೆಯಬೇಕು, ಹುಡುಗಿಯರಿಗೆ ಅದಿಲ್ಲ. ಇನ್ನೊಂದು ಕಡೆ ಹುಡುಗರು 9 ಅಡಿ ಗುಂಡಿ ಹಾರಿದರೆ ಸಾಕು, ಹುಡುಗಿಯರು 10 ಅಡಿ ಉದ್ದ ಜಿಗಿಯಬೇಕು, 3 ಅಡಿ ಎತ್ತರವೂ ಜಿಗಿಯಬೇಕು. ಯಾವ ಕೆಲಸಕ್ಕೆ ಯಾವುದು ಬೇಕು ಅಂತ ಕೂತು ಯೋಚಿಸಿ ಮಾಡಿದ ಹಾಗೆ ನನಗೆ ಕಾಣುವುದಿಲ್ಲ. ಇನ್‌ಫೆಂಟ್ರಿ ಸಿಪಾಯಿಗೆ ಎಷ್ಟು ಭಾರ ಹೊರಬೇಕು, ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ, ಗಾಯಾಳುವನ್ನು ಎಷ್ಟು ಗಜ ಎಳೆಯಬೇಕು, ಇದನ್ನು ಬರೆದು ಗೋಡೆಗೆ ಅಂಟಿಸಿ. ಯಾರು ಮಾಡುತ್ತಾರೋ ಅವರು ಒಳಗೆ. ಒಂದು ಕಿಲೋ ಕಡಿಮೆ ಮಾಡಬೇಡಿ. ಕಡಿಮೆ ಮಾಡಿದರೆ ಮೊದಲು ಪೆಟ್ಟು ಬೀಳೋದು ಪಾಸಾಗಿ ಬಂದ ಹುಡುಗಿಗೇ, ಅವಳನ್ನು ಜೀವನಪೂರ್ತಿ ರಿಯಾಯಿತಿಯಲ್ಲಿ ಬಂದವಳು ಅಂತ ನೋಡುತ್ತಾರೆ.

ಒಂದೇ ಪರೀಕ್ಷೆ ಅಂತ ಹೇಳಿ ಒಳಗಿಂದೊಳಗೆ ಮೋಸವೂ ಆಗಬಾರದು. 2020ರ ತೀರ್ಪು ಬಂದಮೇಲೆ ಕಾಯಂ ನೇಮಕ ಕೊಡಲು ಏನು ಮಾಡಿದರು ಗೊತ್ತಾ? ಗಂಡು ಅಧಿಕಾರಿಗಳಿಗೆ 25, 30ರ ವಯಸ್ಸಿನಲ್ಲಿ ಮಾಡುವ ವೈದ್ಯಕೀಯ ಪರೀಕ್ಷೆಯ ಅಳತೆಯನ್ನೇ 40, 50ರ ಹೆಂಗಸರಿಗೆ ಹಿಡಿದರು. ಅವರು ಆ ವಯಸ್ಸಿನಲ್ಲಿದ್ದಾಗ ಅವರಿಗೆ ಕೇಳುವ ಹಕ್ಕೇ ಇರಲಿಲ್ಲ. ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, 2021ರ ಮಾರ್ಚ್‌ನಲ್ಲಿ ಕೋರ್ಟ್ ಇದು ತಪ್ಪು ಎಂದಿತು.

ಈಗ ಒಂದು ಕಷ್ಟದ ಮಾತು. ನನ್ನ ಹೆಂಡತಿ ಈ ವಿಷಯದಲ್ಲಿ ನನ್ನ ಜೊತೆ ಇಲ್ಲ. ಈ ಪತ್ರದ ಮೊದಲ ಹಾಳೆ ಓದಿ ಹೇಳಿದಾಗ ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ. “ಗಂಡ ಹುಡುಗ ಸತ್ತ ಬಂದ್ರ ಊರ ಮಂದಿ ಹಾರ ಹಾಕತಾರ. ಹೆಣ್ಣ ಹುಡುಗಿ ವೈರಿ ಕೈಯಾಗ ಸಿಕ್ಕರ ಇದ ಮಂದಿ ಏನ ಅಂತಾರ, ಹೇಳ್ರಿ.” ನಾನು ಬಹಳ ಹೊತ್ತು ಸುಮ್ಮನಿದ್ದೆ. ತಾಯಂದಿರ ಹೊಟ್ಟೆಯಲ್ಲಿ ಇರೋದು ಈ ಭಯವೇ, ಉಳಿದ ಕಾರಣಗಳೆಲ್ಲ ಆಮೇಲೆ. ವೈರಿ ಕೈಗೆ ಸಿಕ್ಕಿದವರಿಗೆ ಕರುಣೆ ಸಿಗುವುದಿಲ್ಲ. 1999ರಲ್ಲಿ ಕಾರ್ಗಿಲ್‌ನಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿದ್ದ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಜೊತೆಗಿದ್ದ ಐವರು ಜವಾನರ ದೇಹ ಯಾವ ಸ್ಥಿತಿಯಲ್ಲಿ ವಾಪಸ್ ಬಂತು ಅಂತ ನಮಗೆಲ್ಲ ಗೊತ್ತು. ಅದನ್ನು ಓದಿದ ಮೇಲೂ ನಮ್ಮೂರಿನ ಹುಡುಗರು ಭರ್ತಿಗೆ ಹೋದರು, ಅವರ ಅವ್ವಂದಿರು ಬುತ್ತಿ ಕಟ್ಟಿ ಕಳಿಸಿದರು. ಹುಡುಗಿಗೆ ಅದಕ್ಕಿಂತ ಜಾಸ್ತಿ ಅಪಾಯ ಇದೆ, ಒಪ್ಪುತ್ತೇನೆ. ಆದರೆ ನನ್ನ ಹೆಂಡತಿ ಹೆದರಿದ್ದು ವೈರಿಗೆ ಅಷ್ಟೇ ಅಲ್ಲ, ಊರಿಗೂ ಹೆದರಿದಳು. ವೈರಿ ಮಾಡಿದ ಹೊಲಸು ಕೆಲಸಕ್ಕೆ ಹುಡುಗಿ ಮುಖ ಮುಚ್ಚಿಕೊಳ್ಳಬೇಕು ಅನ್ನುವ ಊರು ನಮ್ಮದು. ಅದು ನಾವು ತಿದ್ದಿಕೊಳ್ಳಬೇಕಾದ ತಪ್ಪು. ನಮ್ಮ ತಪ್ಪನ್ನು ತೋರಿಸಿ ಅವಳ ಅರ್ಜಿಯನ್ನು ಹರಿಯಬಾರದು. ಇಷ್ಟು ಹೇಳಿದೆ. ಅವಳು ಒಪ್ಪಲಿಲ್ಲ. ಒಪ್ಪಿದಳು ಅಂತ ಬರೆದರೆ ಸುಳ್ಳಾಗುತ್ತದೆ.

ಕಿತ್ತೂರು ನಮಗೆ ಹತ್ತಿರ. ಚೆನ್ನಮ್ಮನ ಸಮಾಧಿ ಇರೋದು ನಮ್ಮ ಬೈಲಹೊಂಗಲದಲ್ಲೇ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಉತ್ಸವ ಮಾಡುತ್ತೇವೆ, 1824ರಲ್ಲಿ ಥ್ಯಾಕರೆ ಬಿದ್ದದ್ದನ್ನು ಮಕ್ಕಳು ನಾಟಕ ಆಡುತ್ತಾರೆ. ಕಿತ್ತೂರಿನಲ್ಲಿ ಅವಳ ಹೆಸರಿನಲ್ಲಿ ಹುಡುಗಿಯರಿಗಂತಲೇ ಒಂದು ಸೈನಿಕ ಶಾಲೆ ಇದೆ, 1969ರಲ್ಲಿ ಶುರುವಾದದ್ದು. ಸ್ವಲ್ಪ ಲೆಕ್ಕ ಹಾಕಿ. 1969ರಿಂದ ಅಲ್ಲಿ ಹುಡುಗಿಯರು ಡ್ರಿಲ್ ಮಾಡಿದರು, ಕುದುರೆ ಹತ್ತಿದರು, ಬಂದೂಕು ಹಿಡಿಯೋದು ಕಲಿತರು. ಗಂಡುಮಕ್ಕಳ ಸೈನಿಕ ಶಾಲೆಯಿಂದ ಹನ್ನೆರಡನೇ ತರಗತಿ ಮುಗಿಸಿದವನು ನೇರ ಎನ್‌ಡಿಎ ಪರೀಕ್ಷೆಗೆ ಹೋಗುತ್ತಿದ್ದ. ಇವರಿಗೆ ಆ ದಾರಿ ತೆರೆದದ್ದು 2021ರಲ್ಲಿ, 52 ವರ್ಷ ಆದಮೇಲೆ. ಅಷ್ಟು ವರ್ಷ ಆ ಮಕ್ಕಳಿಗೆ ಸಮವಸ್ತ್ರ ತೊಡಿಸಿ ಪೆರೇಡ್ ಮಾಡಿಸಿ, ಮುಗಿದ ಮೇಲೆ ಮನೆಗೆ ಹೋಗಮ್ಮ ಅಂದೆವು. ಅದರಲ್ಲಿ ಎಷ್ಟು ಜನ ಒಳ್ಳೆಯ ಅಧಿಕಾರಿಗಳು ಕಳೆದುಹೋದರೋ ಅನಿಸುತ್ತದೆ.

ಒನಕೆ ಓಬವ್ವನ ಕಥೆಯಲ್ಲೂ ನಾವು ಒಂದನ್ನು ಮರೆಯುತ್ತೇವೆ. ಕಾವಲಿನ ಕೆಲಸ ಇದ್ದದ್ದು ಅವಳ ಗಂಡನಿಗೆ. ಅವನು ಊಟಕ್ಕೆ ಕೂತಿದ್ದಾಗ ಅವಳು ನಿಂತಳು. ಕೈಗೆ ಸಿಕ್ಕಿದ್ದು ಒನಕೆ, ಅದರಿಂದಲೇ ಹೊಡೆದಳು. ಗಂಡಸು ಇಲ್ಲದ ಗಳಿಗೆಯಲ್ಲಿ ಹೆಣ್ಣು ಕಾದಾಡಿದರೆ ನಮಗೆ ಹೆಮ್ಮೆ. ಅವಳೇ ಬಂದು, ನನಗೂ ಆ ಕಾವಲಿನ ಕೆಲಸ ಕೊಡಿ, ಕತ್ತಿ ಕೊಡಿ, ಸಂಬಳ ಕೊಡಿ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆವು?

ನನ್ನ ತಮ್ಮನ ಮಗಳಿಗೆ ಈಗ 18. ಪಿಯುಸಿ ಮುಗಿಸಿದ್ದಾಳೆ, ಮಿಲಿಟರಿ ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದಾಳೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾಳೆ, ನಾನು ಸೈಕಲ್ ಮೇಲೆ ಹಿಂದೆ ಹೋಗುತ್ತೇನೆ, ಕತ್ತಲೆ ಇರುತ್ತದಲ್ಲ ಅದಕ್ಕೆ. ಒಂದು ದಿನ ಉಸಿರು ಬಿಡುತ್ತ ಕೇಳಿದಳು, “ದೊಡ್ಡಪ್ಪ, ಇನ್‌ಫೆಂಟ್ರಿಗೆ ನಮ್ಮನ್ನ ಯಾಕ ತಗೊಳ್ಳೂದಿಲ್ಲ?” ಈ ಪತ್ರದಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಲು ಆಗಲಿಲ್ಲ. ಇನ್ನೂ ತೆರೆದಿಲ್ಲವ್ವ ಎಂದೆ. ಏಳೂವರೆ ನಿಮಿಷದ ಓಟವನ್ನು ಅವಳು ದಾಟಿ ಬಹಳ ದಿನ ಆಯಿತು. ಅದು ಸಾಕು, ಕಾಲು ನೋಯಿಸಿಕೊಳ್ಳಬೇಡ ಎಂದರೂ ಕೇಳುವುದಿಲ್ಲ. ಹುಡುಗರ ಟೈಮೇ ಬೇಕು ಅವಳಿಗೆ, ಐದೂವರೆ ನಿಮಿಷ. ಎರಡು ಕಿಲೋಮೀಟರ್ ಕಲ್ಲಿನ ಹಿಂದೆ ಬೇವಿನ ಮರದಿಂದ ಶುರು ಮಾಡಿ ಹನುಮಪ್ಪನ ಗುಡಿಯ ತನಕ ಅಳೆದಿದ್ದೇವೆ, ಸರಿಯಾಗಿ 1.6. ಇವತ್ತು ಬೆಳಿಗ್ಗೆ ನನ್ನ ಮೊಬೈಲಿನಲ್ಲಿ ಬಂದದ್ದು 6 ನಿಮಿಷ 8 ಸೆಕೆಂಡ್. ಇನ್ನು 38 ಸೆಕೆಂಡ್ ಇಳಿಯಬೇಕು. ನಾಳೆ ಮತ್ತೆ ಹೋಗುತ್ತೇವೆ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ